ಅಲ್ಲಾಡದವನಿಂದ ಟ್ರಾಫಿಕ್ ಜಾಮ್

ತುಮಕೂರಿನ ಟ್ರಾಫಿಕ್ ಸಮಸ್ಯೆ ಬಗೆಹರಿದಿದೆ. ಎಲ್ಲರಿಗೂ ಅಭಿನಂದನೆಗಳು.

ವಿಷಯ ನಿಮಗೆ ಗೊತ್ತೇ ಇದೆ. ವಿಡಿಯೊ ನಿಮ್ಮ ಬಡಾವಣೆ ಗ್ರೂಪಿಗೂ ಬಂದಿರುತ್ತದೆ, ಸೋದರಮಾವನ ಮಗಳ ಮದುವೆ ಗ್ರೂಪಿಗೂ ಬಂದಿರುತ್ತದೆ. ಬಿ.ಎಚ್. ರಸ್ತೆ ಸಿಗ್ನಲ್‌ನಲ್ಲಿ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು, ಗಾಂಧಿ ವೇಷ ಹಾಕಿ ಬೊಂಬೆ ಹಾಗೆ ನಿಲ್ಲುತ್ತಿದ್ದನಲ್ಲ, ಆ ಹುಡುಗನನ್ನು ಡಬ್ಬದ ಮೇಲಿಂದ ಇಳಿಸಿ, ಕೋಲು ಕಿತ್ತುಕೊಂಡು, ಊರು ಬಿಡು ಅಂತ ಕಳಿಸಿದರು. ಕಾರಣ ಏನಪ್ಪಾ ಅಂದರೆ, ಸಂಚಾರಕ್ಕೆ ಅಡ್ಡಿ. ಜೊತೆಗೆ ಇನ್ನೊಂದು ಸೇರಿಸಿದರು. ಹೊರಗಿನವನು.

ಅಡ್ಡಿಯ ವಿಚಾರಕ್ಕೆ ಬರೋಣ. ಅವನ ಕಸುಬೇ ಅಲ್ಲಾಡದೆ ನಿಲ್ಲೋದು. ನಿಂತಿದ್ದು ರಸ್ತೆ ಮೇಲಲ್ಲ, ಡಿವೈಡರ್ ಮೇಲೆ. ಡಿವೈಡರ್ ಮೇಲೆ ಒಂದು ಬಣ್ಣದ ಡಬ್ಬ, ಡಬ್ಬದ ಮೇಲೆ ಎರಡು ಪಾದ. ಈ ಊರಲ್ಲಿ ಅವನು ಮಾಡಿದ ಒತ್ತುವರಿ ಅಷ್ಟೇ. ಇಷ್ಟು ಸಣ್ಣ ಒತ್ತುವರಿಯನ್ನು ಇಷ್ಟು ಬೇಗ ತೆರವು ಮಾಡಿದ್ದು ದೊಡ್ಡ ಸಾಧನೆ. ಕೆರೆ ಅಂಗಳದ ಒತ್ತುವರಿದಾರರು ದಯವಿಟ್ಟು ಗಾಬರಿಯಾಗಬೇಡಿ. ನಿಮ್ಮದು ದೊಡ್ಡದು, ನಿಧಾನಕ್ಕೆ ನೋಡುತ್ತಾರೆ.

ಅಲ್ಲಾ, ಅಲ್ಲಾಡದೆ ನಿಲ್ಲೋದೇ ತಪ್ಪು ಅನ್ನೋದಾದರೆ ಸಂಜೆ ಆರೂವರೆಗೆ ಬಿ.ಎಚ್. ರಸ್ತೆಯಲ್ಲಿರುವ ಅಷ್ಟೂ ಜನರ ಮೇಲೆ ಕೇಸು ಹಾಕಬೇಕಾಗುತ್ತದೆ. ಆ ಹುಡುಗನಿಗೂ ನಮಗೂ ಒಂದೇ ವ್ಯತ್ಯಾಸ. ಅವನು ಸುಮ್ನೆ ನಿಲ್ಲುತ್ತಿದ್ದ, ನಾವು ಹಾರ್ನ್ ಹೊಡೆದುಕೊಂಡು ನಿಲ್ಲುತ್ತೇವೆ.

ಅದೇ ಡಿವೈಡರ್‌ನಲ್ಲಿ ಅವನಿಂದ ಹತ್ತು ಹೆಜ್ಜೆಗೆ ಒಂದು ಫ್ಲೆಕ್ಸ್ ಇತ್ತು. ಇತ್ತು ಏನು, ಇದೆ. ಯಾರೋ ಒಬ್ಬ ಯುವ ನಾಯಕರ ಹುಟ್ಟುಹಬ್ಬ. ನಡುವೆ ನಾಯಕರು ಕೂಲಿಂಗ್ ಗ್ಲಾಸ್ ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಕೆಳಗೆ ಶುಭ ಕೋರುವ ನಲವತ್ತು ತಲೆಗಳು. ಎಡಗಡೆಯಿಂದ ಬರುವ ಬಸ್ಸು ಕಾಣಬೇಕಾದರೆ ಈ ನಲವತ್ತು ತಲೆಗಳ ಸಂದಿಯಲ್ಲಿ ಇಣುಕಬೇಕು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಅದಕ್ಕೂ ಮುಂಚೆ 1981ರಿಂದಲೇ ತೆರೆದ ಸ್ಥಳಗಳ ಅಂದ ಕೆಡಿಸಬಾರದು ಅಂತ ಒಂದು ಕಾಯ್ದೆ ಇದೆ. ನಾಯಕರು ಹುಟ್ಟಿದ್ದು ಆ ಕಾಯ್ದೆ ಆದಮೇಲೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಅವರು ಸಂಚಾರಕ್ಕೆ ಅಡ್ಡಿ ಅಲ್ಲ. ಅವರು ಒಳಗಿನವರು.

ಪ್ರತಿಮೆಗಳ ಬಗ್ಗೆಯೂ ಎರಡು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಹುಡುಗ ಮಾಡುತ್ತಿದ್ದದ್ದು ಪ್ರತಿಮೆಯ ಪಾತ್ರ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಸಾರ್ವಜನಿಕ ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆ ನಿಲ್ಲಿಸಲು ರಾಜ್ಯಗಳು ಅನುಮತಿ ಕೊಡಕೂಡದು ಅಂತ. ಆಮೇಲೆ ನಮ್ಮ ಕಡೆ ಪ್ರತಿಮೆಗಳು ಅನುಮತಿ ಕೇಳೋದನ್ನೇ ಬಿಟ್ಟವು. ರಾತ್ರಿ ಹನ್ನೆರಡಕ್ಕೆ ಖಾಲಿ ಕಟ್ಟೆ, ಬೆಳಿಗ್ಗೆ ಐದಕ್ಕೆ ಮಹಾಪುರುಷ. ಏಳು ಗಂಟೆಗೆ ಒಂದು ಗುಂಪು ಹಾರ ತರುತ್ತದೆ, ಎಂಟಕ್ಕೆ ಇನ್ನೊಂದು ಗುಂಪು ಕಲ್ಲು ಹುಡುಕುತ್ತದೆ, ಒಂಬತ್ತಕ್ಕೆ ಪೊಲೀಸ್ ವ್ಯಾನು. ಇನ್ನು ಕೆಲವು ಪ್ರತಿಮೆಗಳು ಮಂತ್ರಿಗಳ ಡೇಟ್ ಸಿಗದೆ ತಿಂಗಳುಗಟ್ಟಲೆ ಗೋಣಿಚೀಲ ಹೊದ್ದು ನಿಂತಿರುತ್ತವೆ. ಒಳಗೆ ಯಾರಿದ್ದಾರೆ ಅನ್ನೋದು ಚಪ್ಪಲಿ ನೋಡಿ ಊಹಿಸಬೇಕು.

ಇಡೀ ರಾಜ್ಯದಲ್ಲಿ ಆ ಆದೇಶಕ್ಕೆ ಮರ್ಯಾದೆ ಕೊಟ್ಟ ಪ್ರತಿಮೆ ಇದೊಂದೇ ಇರಬೇಕು. ಸಂಜೆ ಏಳಾದರೆ ತಾನೇ ಕೆಳಗಿಳಿದು, ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿತ್ತು. ಅದಕ್ಕೆ ಜಾತಿ ಇಲ್ಲ, ಸಮಿತಿ ಇಲ್ಲ, ಚಂದಾ ರಸೀದಿ ಪುಸ್ತಕ ಇಲ್ಲ. ಅದನ್ನೇ ಓಡಿಸಿದೆವು.

ಒಂದು ಸಂಜೆ ಅವನು ಇಳಿಯುವ ಹೊತ್ತಿಗೆ ನಾನು ಪಕ್ಕದ ಟೀ ಅಂಗಡಿಯಲ್ಲಿದ್ದೆ. ಹತ್ತೊಂಬತ್ತು ಇಪ್ಪತ್ತು ವರ್ಷ ಇರಬಹುದು. ಹತ್ತಿರದಿಂದ ನೋಡಿದರೆ ಬೆಳ್ಳಿ ಅಷ್ಟೇನೂ ಬೆಳ್ಳಿಯಲ್ಲ. ಬೆವರು ಇಳಿದ ಕಡೆ ಕತ್ತಿನ ಮೇಲೆ ಗೀರು ಗೀರಾಗಿ ಅವನ ಸ್ವಂತ ಬಣ್ಣ ಕಾಣುತ್ತಿತ್ತು. ಕನ್ನಡಕಕ್ಕೆ ಗಾಜಿಲ್ಲ, ಬರೀ ತಂತಿ. ಟೀ ಲೋಟ ಹಿಡಿದರೆ ಲೋಟಕ್ಕೂ ಬಣ್ಣ ಹತ್ತುತ್ತದೆ ಅಂತ ಅಂಗಡಿಯವರು ಪೇಪರ್ ಲೋಟದಲ್ಲಿ ಕೊಟ್ಟರು. ಬಣ್ಣಕ್ಕೆ ಏನು ಹಾಕುತ್ತೀಯಪ್ಪ ಅಂದೆ, ನನ್ನ ಮುರುಕು ಹಿಂದಿಯಲ್ಲಿ. ಬೆಳ್ಳಿ ಪುಡಿ, ಕೊಬ್ಬರಿ ಎಣ್ಣೆ ಅಂದ. ತಿಪಟೂರು ಕೊಬ್ಬರಿಯ ಜಿಲ್ಲೆಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ? ಕೊಬ್ಬರಿಗೆ ಬೆಲೆ ಇಲ್ಲ ಅಂತ ವರ್ಷಕ್ಕೆ ಎರಡು ಸಲ ಧರಣಿ ಕೂರುವ ನಾವು, ಕೊಬ್ಬರಿ ಎಣ್ಣೆ ಮೈಗೆಲ್ಲ ಹಚ್ಚಿಕೊಂಡು ನಿಲ್ಲುವ ಒಬ್ಬ ಖಾಯಂ ಗಿರಾಕಿಯನ್ನು ಕಳೆದುಕೊಂಡೆವು.

ಕಷ್ಟ ಯಾವುದು ಅಂದರೆ ಬಿಸಿಲು ಅನ್ನಲಿಲ್ಲ. ನೊಣ ಅಂದ. ಮೂಗಿನ ಮೇಲೆ ನೊಣ ಕೂತರೆ ಓಡಿಸುವ ಹಾಗಿಲ್ಲ. ಅಲ್ಲಾಡಿದರೆ ದುಡ್ಡು ಬೀಳಲ್ಲ. ಸ್ಕೂಲ್ ವ್ಯಾನಿನ ಮಕ್ಕಳು ಬಂದಾಗ ಮಾತ್ರ ನಿಯಮ ಮುರಿದು ಒಂದು ಕಣ್ಣು ಹೊಡೆಯುತ್ತಾನಂತೆ. ವ್ಯಾನಿನೊಳಗೆ ಕಿರುಚಾಟ ಶುರುವಾಗುತ್ತದಂತೆ. ಇದನ್ನು ಹೇಳುವಾಗ ಗಾಂಧಿ ನಗುತ್ತಿದ್ದ.

ನಮ್ಮ ಪಾವಗಡದಲ್ಲಿ ಇದೇ ಬಿಸಿಲಿಗೆ ಹದಿಮೂರು ಸಾವಿರ ಎಕರೆ ಕೊಟ್ಟು, 2,050 ಮೆಗಾವಾಟ್ ಸೋಲಾರ್ ಪಾರ್ಕ್ ಮಾಡಿದ್ದೇವೆ. ಅಲ್ಲಿ ಬಿಸಿಲಿಗೆ ಅಲ್ಲಾಡದೆ ನಿಂತರೆ ಅಭಿವೃದ್ಧಿ. ಇಲ್ಲಿ ನಿಂತರೆ ಅಡ್ಡಿ.

ಇನ್ನು ಹೊರಗಿನವನು ಅನ್ನೋ ಮಾತು. ಅಮಾನಿಕೆರೆ ವಾಕಿಂಗ್‌ನಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಶುರು ಮಾಡಿದರು. "ಇವರೆಲ್ಲ ಎಲ್ಲಿಂದ ಬರ್ತಾರೆ ಸ್ವಾಮಿ? ನಮ್ಮೂರೇನು ಛತ್ರವಾ?" ಹಿರಿಯರ ಊರು ಮಧುಗಿರಿ ಆಚೆ. ಮನೆ ಕಟ್ಟಿಸಿದ್ದು ತುಮಕೂರಿನ ಜಯನಗರದಲ್ಲಿ. ಆ ಮನೆಗೆ ಗಾರೆ ಕೆಲಸ ಒಡಿಶಾದವರದು, ಟೈಲ್ಸ್ ರಾಜಸ್ಥಾನದವರದು, ಪಿಒಪಿ ಸೀಲಿಂಗ್ ಬಿಹಾರದವರದು. ಹಿರಿಯರು ಕಟಿಂಗ್ ಮಾಡಿಸುವ ಸಲೂನಿನ ಹುಡುಗ ಯೂಪಿಯವನು. ನಮ್ಮ ಊರಿನಿಂದ ದಿನಾ ಬೆಳಿಗ್ಗೆ ರೈಲು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತಾರಲ್ಲ, ಹಿರಿಯರ ಮಗನೂ ಸೇರಿ, ಅವರನ್ನು ಯಶವಂತಪುರದಲ್ಲಿ ಇಳಿಸಿ "ಇದೇನು ಛತ್ರವಾ" ಅಂದರೆ ಹೇಗೆ? ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ಎಲ್ಲಿ ಬೇಕಾದರೂ ನೆಲೆಸಬಹುದು ಅಂತ ಸಂವಿಧಾನದ 19ನೇ ವಿಧಿಯಲ್ಲಿದೆ. ಬಹುಶಃ ಮೈಗೆ ಬಣ್ಣ ಬಳಿದುಕೊಂಡವರಿಗೆ ಅದು ಅನ್ವಯಿಸುವುದಿಲ್ಲ.

ಅಂದಹಾಗೆ ನಿಜವಾದ ಗಾಂಧಿಯೂ ಹೊರಗಿನವರೇ. ಪೋರಬಂದರಿನವರು. 1927ರಲ್ಲಿ ಮೈಗೆ ಹುಷಾರಿಲ್ಲದೆ ನಮ್ಮ ಪಕ್ಕದ ನಂದಿ ಬೆಟ್ಟಕ್ಕೆ ಬಂದು ಒಂದೂವರೆ ತಿಂಗಳು ಉಳಿದಿದ್ದರು. 1936ರಲ್ಲಿ ಮತ್ತೆ ಬಂದರು. ಆಗ ಯಾರೂ ಆಧಾರ್ ಕೇಳಲಿಲ್ಲ. ಈಗ ಬಂದಿದ್ದರೆ ವಿಡಿಯೊ ಕೆಳಗೆ "ಕನ್ನಡ ಬರುತ್ತಾ ಕೇಳಿ" ಅಂತ ನೂರು ಕಾಮೆಂಟ್ ಇರುತ್ತಿದ್ದವು.

ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಗೆ ಹಗಲುವೇಷದವರು ಬರುತ್ತಿದ್ದರು. ಅವರೂ ಹೊರಗಿನವರು. ಅರ್ಧ ಕನ್ನಡ, ಅರ್ಧ ತೆಲುಗು. ಊರಾಚೆ ಗುಡಾರ ಹಾಕಿ ಐದಾರು ದಿನ ಇರುತ್ತಿದ್ದರು. ಇವತ್ತು ರಾಮ ಲಕ್ಷ್ಮಣ, ನಾಳೆ ಭೀಮ, ನಾಡಿದ್ದು ಇನ್ನೇನೋ. ಹಾರ್ಮೋನಿಯಂ ತಬಲ ಇಟ್ಟುಕೊಂಡು ಬೀದಿ ಬೀದಿ ಸುತ್ತೋರು. ಕೊನೆ ದಿನ ಮನೆಮನೆಗೆ ಬಂದು ರಾಗಿ, ಹಳೇ ಸೀರೆ ಈಸಿಕೊಂಡು ಹೋಗೋರು. ಒಂದು ವರ್ಷ ಒಬ್ಬ ಪೊಲೀಸ್ ವೇಷದಲ್ಲಿ ಬಂದ. ಖಾಕಿ ಚಡ್ಡಿ, ಕೈಯಲ್ಲಿ ಲಾಠಿ, ದೊಡ್ಡ ಮೀಸೆ. ಬಂದವನೇ ಪಂಚಾಯ್ತಿ ಕಟ್ಟೆ ಮೇಲಿದ್ದವರನ್ನೆಲ್ಲ ಗದರಿಸಿದ. ಇಸ್ಪೀಟ್ ಆಡುತ್ತಿದ್ದವರು ಎಲೆ ಬಿಸಾಕಿ ಹುಣಸೆ ತೋಪಿಗೆ ಓಡಿದರು. ನಮ್ಮಜ್ಜಿ ಒಬ್ಬಳೇ ಅಲ್ಲಾಡಲಿಲ್ಲ. "ಏಯ್, ನಿನ್ನೆ ನೀನೇ ಅಲ್ವೇನೋ ಸೀತೆ ಆಗಿದ್ದೋನು" ಅಂದಳು. ಸಾಹೇಬರು ಅಲ್ಲೇ ಕೂತು ಮಜ್ಜಿಗೆ ಕುಡಿದರು. ಆ ವರ್ಷ ಅವರಿಗೆ ಒಂದು ಸೇರು ರಾಗಿ ಜಾಸ್ತಿ ಸಿಕ್ಕಿತು, ಇಸ್ಪೀಟಿನವರ ಹೆಂಡತಿಯರಿಂದ.

ಇದನ್ನು ಯಾಕೆ ಹೇಳಿದೆ ಅಂದರೆ, ಸುಮ್ನೆ. ನೆನಪಾಯಿತು.

ನಮ್ಮದು ರಂಗಭೂಮಿಯ ಜಿಲ್ಲೆ ಅಂತ ವೇದಿಕೆ ಮೇಲೆ ಹೇಳುತ್ತೇವೆ. ಹೇಳಬೇಕಾದ್ದೇ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ಊರೂರು ಸುತ್ತಿತು. ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆ ತಂದರು. ಯಾವ ಊರಿಗೆ ಹೋದರೂ ಅವರು ಹೊರಗಿನವರೇ ಆಗಿದ್ದರಲ್ವಾ? ಆನೆ ಸಮೇತ ಬಂದವರಿಗೆ ಊರುಗಳು ಜಾಗ ಕೊಟ್ಟವು. ಅವರ ಹೆಸರಲ್ಲಿ ಈಗ ತುಮಕೂರಿನಲ್ಲಿ ಕಲಾಕ್ಷೇತ್ರ ಇದೆ. ಅಲ್ಲಿ ಕಲೆಯ ಬಗ್ಗೆ ಭಾಷಣ ಕೇಳಿ, ಬೊಕೆ ಹಿಡಿದು, ಕಾರಿನಲ್ಲಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ಎದುರಿಗೆ ಒಬ್ಬ ಕಲಾವಿದ ಕಂಡರೆ ಗಾಜು ಏರಿಸುತ್ತೇವೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಗಿಟಾರ್ ಹಿಡಿದು ನಿಂತಾಗ ಪೊಲೀಸರು ವೈರ್ ಕಿತ್ತರು. ಅದು ಲಂಡನ್‌ವರೆಗೂ ಸುದ್ದಿಯಾಯಿತು. ನಮ್ಮ ಹುಡುಗನ ಹತ್ತಿರ ಕೀಳೋಕೆ ವೈರೂ ಇರಲಿಲ್ಲ. ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ ಮೊಸಳೆ ಬೊಂಬೆ ಬಿಟ್ಟಾಗ ಮಾತ್ರ ಗುಂಡಿ ಬೇಗ ಮುಚ್ಚಿದರು. ಗುಂಡಿಗೆ ನಾಚಿಕೆಪಟ್ಟು ಅಲ್ಲ, ಮೊಸಳೆಗೆ ಹೆದರಿ. ನಮ್ಮ ಹುಡುಗ ಗಾಂಧಿ ಬದಲು ಮೊಸಳೆ ವೇಷ ಹಾಕಿದ್ದರೆ ಉಳಿಯುತ್ತಿದ್ದನೋ ಏನೋ.

"ಕಲೆ ಅಲ್ಲ ಸಾರ್ ಅದು, ಭಿಕ್ಷೆ" ಅಂತ ಕಾನೂನು ಬಲ್ಲ ಗೆಳೆಯರೊಬ್ಬರು ತಿದ್ದಿದರು. ಇರಲಿ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯಲ್ಲಂತೂ ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು ಎಲ್ಲವನ್ನೂ ಭಿಕ್ಷೆಯ ನೆಪ ಅಂತ ಬರೆದಿಟ್ಟಿದ್ದಾರೆ. ನಮ್ಮ ರಾಜ್ಯದ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಆ ಕಾಯ್ದೆಗಾಗಿ ನೀವೂ ನಾನೂ ದುಡ್ಡು ಕೊಡುತ್ತೇವೆ, ಗೊತ್ತಾ? ಮನೆ ಕಂದಾಯದ ರಸೀದಿ ತೆಗೆದು ನೋಡಿ. ಭಿಕ್ಷುಕರ ಉಪಕರ ಅಂತ ಒಂದು ಸಾಲು ಇರುತ್ತದೆ. ಕಂದಾಯದ ಮೇಲೆ ನೂರಕ್ಕೆ ಮೂರು ರೂಪಾಯಿ. ಸಿಗ್ನಲ್‌ನಲ್ಲಿ ಹತ್ತು ರೂಪಾಯಿ ಕೊಡೋಕೆ ಹಿಂದೆ ಮುಂದೆ ನೋಡುವ ನಾವು ಅಲ್ಲಿ ಮಾತಿಲ್ಲದೆ ಕಟ್ಟುತ್ತೇವೆ. ಯಾರಿಗೆ ಹೋಗುತ್ತದೆ, ಏನಾಗುತ್ತದೆ ಅಂತ ಒಬ್ಬರೂ ಕೇಳಿದ್ದಿಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸುಮನಹಳ್ಳಿಯಲ್ಲಿ ಭಿಕ್ಷುಕರನ್ನು ಇಡುವ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಜನ ಸಾಲಾಗಿ ಸತ್ತರು. ಆಗ ಒಂದು ವಾರ ಕೇಳಿದೆವು. ಆಮೇಲೆ ಮರೆತೆವು. ಉಪಕರ ಮರೆಯಲಿಲ್ಲ, ಅದು ವರ್ಷ ವರ್ಷ ಬರುತ್ತದೆ.

ಇಲ್ಲಿ ತಮಾಷೆ ಮಾಡೋಕೆ ನನಗೂ ಬೇಜಾರು. ಒಬ್ಬ ಹುಡುಗ. ಕಳ್ಳತನ ಮಾಡಲಿಲ್ಲ, ಕುಡಿದು ಬೀಳಲಿಲ್ಲ, ಯಾರ ಕಾರಿನ ಗಾಜೂ ತಟ್ಟಲಿಲ್ಲ. ಬಿಸಿಲಲ್ಲಿ ನಿಂತ. ಅವನನ್ನು ಇಳಿಸುವಾಗ ಮೂರು ಕಡೆಯ ಟ್ರಾಫಿಕ್ ನಿಂತು ನೋಡಿತು, ಇಪ್ಪತ್ತು ಫೋನ್ ಮೇಲೆದ್ದವು. ಆ ಇಪ್ಪತ್ತು ಜನರಲ್ಲಿ ಯಾರೂ ಇಳಿದು "ಯಾಕ್ರೀ?" ಅನ್ನಲಿಲ್ಲ. ಅವತ್ತು ಜಾಮ್ ಆಗಿದ್ದು ನಿಜ. ಅವನು ನಿಂತಿದ್ದಕ್ಕಲ್ಲ, ಅವನನ್ನು ಇಳಿಸುವುದನ್ನು ನಾವು ನಿಂತು ನೋಡಿದ್ದಕ್ಕೆ. ನಾವು ಅಂತ ಯಾಕೆ ಬರೆದೆ ಅಂದರೆ ನಾನೂ ಅಲ್ಲಿದ್ದೆ. ಸ್ಕೂಟರ್ ಮೇಲೆ, ಮೂರನೇ ಸಾಲಿನಲ್ಲಿ. ನಾನೂ ಇಳಿಯಲಿಲ್ಲ. ಹಿಂದಿನವನು ಹಾರ್ನ್ ಹೊಡೆದ, ಹೊರಟೆ.

ಮೊನ್ನೆ ಮತ್ತೆ ಅದೇ ಸಿಗ್ನಲ್. ಡಿವೈಡರ್ ಮೇಲೆ ಯಾರೂ ಇಲ್ಲ. ನಾಯಕರು ಮಾತ್ರ ಇನ್ನೂ ಫೋನಿನಲ್ಲಿದ್ದಾರೆ. ಪಕ್ಕದಲ್ಲಿ ನಿಂತ ಆಟೊದವನು ತಲೆ ಹೊರಗೆ ಹಾಕಿ ಆ ಕಡೆ ಈ ಕಡೆ ನೋಡಿದ.

"ಎಲ್ಲಣ್ಣ, ಗಾಂಧಿ ಕಾಣ್ತಾ ಇಲ್ಲ?"

"ರಜ ಇರಬೇಕು" ಅಂದೆ.

"ಅಕ್ಟೋಬರ್ ಎರಡು ಇನ್ನೂ ದೂರ ಐತಲ್ಲಣ್ಣ" ಅಂದ. ಹಸಿರು ಬಂತು. ಯಾರೂ ಅಲ್ಲಾಡಲಿಲ್ಲ.