ಟೆಸ್ಟಿಂಗಿಗೆಂದು ಬರೆದ ಆ ಒಂದು ಸಾಲು

ಹಳೆಯ ಪ್ರಾಜೆಕ್ಟೊಂದರ ಕೋಡನ್ನು ಈಚೆಗೆ ಮತ್ತೆ ಓದುತ್ತಿದ್ದಾಗ, ಬಳಕೆದಾರರ ಪಾಸ್‌ವರ್ಡನ್ನು ಸರ್ವರಿಗೆ ಕಳುಹಿಸುವ ಫಂಕ್ಷನ್ನಿನಲ್ಲಿ ‘ವೆರಿಫೈ = ಫಾಲ್ಸ್’, ಅಂದರೆ ಸರ್ವರಿನ ಗುರುತನ್ನು ಪರಿಶೀಲಿಸಬೇಡ ಎಂಬ ಸಾಲು ಕಣ್ಣಿಗೆ ಬಿತ್ತು. ಪಕ್ಕದಲ್ಲೇ ‘ತಾತ್ಕಾಲಿಕ, ಟೆಸ್ಟಿಂಗ್ ಮುಗಿದ ಮೇಲೆ ತೆಗೆಯಬೇಕು’ ಎಂಬ ಕಾಮೆಂಟ್ ಇತ್ತು. ಅದನ್ನು ಬರೆದು ನಾಲ್ಕು ವರ್ಷ ಕಳೆದಿತ್ತು. ಬರೆದದ್ದು ನಾನೇ.

ಟೆಸ್ಟ್ ಸರ್ವರಿನ ಸರ್ಟಿಫಿಕೇಟಿಗೆ, ಎಂದರೆ ಅದರ ಗುರುತುಪತ್ರಕ್ಕೆ, ನಂಬಿಕಸ್ಥ ಸಂಸ್ಥೆಯ ಬದಲು ನಾವೇ ಸಹಿ ಮಾಡಿಕೊಂಡಿದ್ದರಿಂದ ಎರರ್ ಬರುತ್ತಿತ್ತು; ಪರಿಶೀಲನೆಯನ್ನೇ ಆಫ್ ಮಾಡಿದೊಡನೆ ಅದು ನಿಂತಿತು. ಆ ಸರ್ಟಿಫಿಕೇಟನ್ನು ನಂಬಿಕೆಯ ಪಟ್ಟಿಗೆ ಸೇರಿಸಿದ್ದರೆ ಸಾಕಿತ್ತು, ಅದು ಹತ್ತು ನಿಮಿಷದ ಕೆಲಸ. ಈ ತಪ್ಪಿನ ಅಪಾಯವಿರುವುದೇ ಇದು ಹೊರಗೆ ಕಾಣುವುದಿಲ್ಲ ಎಂಬುದರಲ್ಲಿ. ಡೇಟಾ ಎನ್‌ಕ್ರಿಪ್ಟ್ ಆಗುತ್ತದೆ, ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಎಂದೇ ಇರುತ್ತದೆ, ಎಲ್ಲ ಟೆಸ್ಟುಗಳೂ ಪಾಸಾಗುತ್ತವೆ. ಆದರೆ ನಡುದಾರಿಯಲ್ಲಿ ಕುಳಿತವನು ತನ್ನದೇ ಸರ್ಟಿಫಿಕೇಟನ್ನು ಮುಂದೊಡ್ಡಿದರೂ ಆ್ಯಪ್ ಅದನ್ನು ಒಪ್ಪಿಕೊಂಡು, ಗುಟ್ಟಿನ ಕೀಲಿಯನ್ನು ಅವನೊಂದಿಗೇ ನಿಗದಿಪಡಿಸಿಕೊಳ್ಳುತ್ತದೆ. ಎದುರಿಗಿರುವವರು ಯಾರೆಂದು ಕೇಳದೆ ಮಾಡಿದ ಎನ್‌ಕ್ರಿಪ್ಶನ್ನನ್ನು ಸುರಕ್ಷತೆ ಎಂದು ಕರೆಯಲು ನನಗೆ ಈಗ ಮನಸ್ಸು ಬರುವುದಿಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2014ರ ಫೆಬ್ರವರಿಯಲ್ಲಿ ಬಯಲಾದ ಆ್ಯಪಲ್‌ನ ದೋಷದಲ್ಲಿ ‘ಗೋಟು ಫೇಲ್’ (ಉಳಿದದ್ದನ್ನು ಬಿಟ್ಟು ಫಂಕ್ಷನ್ನಿನ ಕೊನೆಗೆ ಜಿಗಿ) ಎಂಬ ಸಾಲು ಒಂದರ ಕೆಳಗೊಂದು ಎರಡು ಬಾರಿ ಬಂದಿತ್ತು. ಮೊದಲನೆಯದು ‘ಇಫ್’ ಷರತ್ತಿಗೆ ಒಳಪಟ್ಟಿತ್ತು, ಎರಡನೆಯದಕ್ಕೆ ಯಾವ ಷರತ್ತೂ ಇರಲಿಲ್ಲ. ಹೀಗಾಗಿ ಸರ್ವರಿನ ಸಹಿಯನ್ನು ಪರೀಕ್ಷಿಸುವ ಹಂತವನ್ನು ಹಾರಿಸಿ, ಎಲ್ಲವೂ ಸರಿಯಿದೆ ಎಂಬ ಉತ್ತರದೊಂದಿಗೆ ಫಂಕ್ಷನ್ ಮುಗಿಯುತ್ತಿತ್ತು. ಐಫೋನಿಗೆ ಐಓಎಸ್ 7.0.6ರಲ್ಲಿ ತಿದ್ದುಪಡಿ ಬಂತು, ಮ್ಯಾಕ್ ಬಳಕೆದಾರರು ಇನ್ನೂ ನಾಲ್ಕು ದಿನ ಕಾಯಬೇಕಾಯಿತು.

ಹಾಗೆಂದು ಹೊಣೆಯನ್ನೆಲ್ಲ ಕೋಡ್ ಬರೆಯುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರ್ವರುಗಳನ್ನು ಸಂಪರ್ಕಿಸಲು ಪ್ರೋಗ್ರಾಮರುಗಳು ಬಳಸುವ ಸಿದ್ಧ ಕೋಡಾದ ಕರ್ಲ್ ಲೈಬ್ರರಿಯಲ್ಲಿ, ಸರ್ವರಿನ ಹೆಸರು ಸರ್ಟಿಫಿಕೇಟಿಗೆ ಹೊಂದುತ್ತದೆಯೇ ಎಂದು ನೋಡಲು 2 ಎಂದು ಕೊಡಬೇಕಿತ್ತು. 1 ಎಂದರೆ ಸರ್ಟಿಫಿಕೇಟಿನಲ್ಲಿ ಯಾವುದೋ ಒಂದು ಹೆಸರಿದ್ದರೆ ಸಾಕು ಎಂದರ್ಥ. ಪರಿಶೀಲನೆ ಇರಲಿ ಎಂಬ ಸದುದ್ದೇಶದಿಂದಲೇ ಎಷ್ಟೋ ಮಂದಿ ‘ಟ್ರೂ’ (ಹೌದು) ಎಂದು ಬರೆದರು; ಕಂಪ್ಯೂಟರಿನ ಲೆಕ್ಕದಲ್ಲಿ ಅದು 1 ಆಗಿ ಹೋಯಿತು. 2012ರಲ್ಲಿ ಸಂಶೋಧಕರು ಇದನ್ನು ಎತ್ತಿ ತೋರಿಸಿದ ಮೇಲೆ 1ರ ಬೆಂಬಲವನ್ನು ತೆಗೆದರು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 2.7 ಸರಣಿಯಂತೂ 2014ರ ಡಿಸೆಂಬರಿನ 2.7.9ರವರೆಗೆ ತಾನಾಗಿ ಪರಿಶೀಲನೆಯನ್ನೇ ಮಾಡುತ್ತಿರಲಿಲ್ಲ. ಸುರಕ್ಷಿತವಾದ ದಾರಿಯೇ ಸುಲಭದ ದಾರಿಯೂ ಆಗಿರುವಂತೆ ಲೈಬ್ರರಿಗಳನ್ನು ಕಟ್ಟಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನಮ್ಮ ಟೆಸ್ಟುಗಳೂ ಬದಲಾಗಬೇಕು. ಸರಿಯಾದ ಸರ್ವರಿಗೆ ಸಂಪರ್ಕ ಸಿಗುತ್ತದೆಯೇ ಎಂದು ಎಲ್ಲರೂ ನೋಡುತ್ತೇವೆ, ತಪ್ಪು ಸರ್ವರಿಗೆ ಸಿಗದೇ ಇರುತ್ತದೆಯೇ ಎಂದು ನೋಡುವವರು ವಿರಳ. ಆ ಸಾಲನ್ನು ಅಳಿಸುವ ಮೊದಲು ನಾನು ಮೂರು ಟೆಸ್ಟುಗಳನ್ನು ಬರೆದೆ: ಅವಧಿ ಮುಗಿದ ಸರ್ಟಿಫಿಕೇಟ್, ಬೇರೆ ಹೆಸರಿನ ಸರ್ಟಿಫಿಕೇಟ್, ಯಾರು ಕೊಟ್ಟರೆಂದೇ ತಿಳಿಯದ ಸರ್ಟಿಫಿಕೇಟ್. ನಾಲ್ಕು ವರ್ಷ ಜನರ ಪಾಸ್‌ವರ್ಡುಗಳನ್ನು ಸಾಗಿಸಿದ್ದ ಆ ಕೋಡ್ ಮೂರು ಸರ್ವರುಗಳಿಗೂ ಒಂದೇ ಒಂದು ಎಚ್ಚರಿಕೆಯನ್ನೂ ಕೊಡದೆ ಕನೆಕ್ಟ್ ಆಯಿತು.