ಬಾರಿಸದೆ ಬಿಟ್ಟ ಪೆಟ್ಟು

ಯಕ್ಷಗಾನದ ಚೆಂಡೆಯವರು ಪೈಪೋಟಿಗೆ ಬಾರಿಸುವ ಚೆಂಡೆ ಜುಗಲ್‌ಬಂದಿ ನನಗೆ ಹಿಡಿಸುವುದಿಲ್ಲ ಎಂದು ಮೊನ್ನೆ ಕಾಸರಗೋಡು ಕಡೆಯ ನೀರ್ಚಾಲಿನಲ್ಲಿ ಒಂದು ಮಾತು ಆಡಿದ್ದಕ್ಕೆ ಸಾಕಷ್ಟು ಬೈಗುಳ ತಿಂದಿದ್ದೇನೆ. "ಇಂಗ್ಲಿಷ್ ಬ್ಯಾಂಡ್ ಕೇಳುವ ಮಾಸ್ಟ್ರಿಗೆ ನಮ್ಮ ಚೆಂಡೆಯ ಉಸಾಬರಿ ಯಾಕೆ?" ಎಂದು ಒಬ್ಬರು ಕೇಳಿಯೇಬಿಟ್ಟರು. ನಿಜ ಹೇಳಬೇಕೆಂದರೆ ಆ ಬ್ಯಾಂಡ್ ಕೇಳಿಯೇ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತಿದ್ದವರು ಓದಿ.

ಇಂಗ್ಲೆಂಡಿನ ರಾಕ್ ಸಂಗೀತದ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಡ್ರಮ್ಮರ್ ಚಾರ್ಲಿ ವಾಟ್ಸ್. 1941ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು, ಅಪ್ಪ ರೈಲ್ವೆಯಲ್ಲಿ ಲಾರಿ ಚಾಲಕ. ಹುಡುಗನ ಕೈಗೆ ಮೊದಲು ಬಂದದ್ದು ಬ್ಯಾಂಜೊ ಎಂಬ ತಂತಿವಾದ್ಯ. ಅದು ಒಗ್ಗಲಿಲ್ಲ. ಕತ್ತಿನ ಭಾಗವನ್ನು ಕಳಚಿ ಎಸೆದು, ಉಳಿದ ಬುರುಡೆಯನ್ನೇ ಸ್ಟ್ಯಾಂಡಿನ ಮೇಲಿಟ್ಟು ಬಾರಿಸತೊಡಗಿದ. ಮುಂದೆ ಕಲಾಶಾಲೆಯಲ್ಲಿ ಕಲಿತು, ಜಾಹೀರಾತು ಕಂಪನಿಯಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದುಕೊಂಡೇ ಸಂಜೆ ಹೊತ್ತು ಡ್ರಮ್ ನುಡಿಸುತ್ತಿದ್ದವರು 1963ರ ಜನವರಿಯಲ್ಲಿ ಸ್ಟೋನ್ಸ್ ಸೇರಿದರು. 2021ರ ಆಗಸ್ಟ್ 24ರಂದು, 80ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಅಲ್ಲಿಯೇ ಇದ್ದರು. ಪ್ರವಾಸದಲ್ಲಿ ತಾವು ಮಲಗಿದ ಪ್ರತಿಯೊಂದು ಹೋಟೆಲ್ ಹಾಸಿಗೆಯ ಚಿತ್ರ ಬರೆದಿಡುವ ಅಭ್ಯಾಸ. ಚಂದದ ಕಾರುಗಳನ್ನು ಕೊಂಡಿಟ್ಟರು, ಓಡಿಸಲು ಮಾತ್ರ ಕಲಿಯಲಿಲ್ಲ. ಎಂಬತ್ತರ ದಶಕದಲ್ಲಿ ಕುಡಿತ ಮತ್ತು ಹೆರಾಯಿನ್, 2004ರಲ್ಲಿ ಗಂಟಲಿನ ಕ್ಯಾನ್ಸರ್. ಎರಡನ್ನೂ ದಾಟಿ ಬಂದರು. ಹಾಡುಗಾರ ಮಿಕ್ ಜಾಗರ್‌ಗೆ ಅವರು ಒಮ್ಮೆ ಗುದ್ದಿದ ಕಥೆಯನ್ನು ಜನ ಬಾಯಿ ಚಪ್ಪರಿಸಿ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟೇನೂ ರುಚಿಯಿಲ್ಲ.

ರುಚಿಯಿರುವುದು ಅವರ ಬಲಗೈಯಲ್ಲಿ. ರಾಕ್ ಸಂಗೀತದ ಸಾಮಾನ್ಯ ನಡೆಯಲ್ಲಿ ಬಲಗೈ ಹೈ-ಹ್ಯಾಟ್ ಮೇಲೆ ಎಡೆಬಿಡದೆ ಓಡುತ್ತಿರುತ್ತದೆ. ಹೈ-ಹ್ಯಾಟ್ ಎಂದರೆ ಒಂದರ ಮೇಲೊಂದು ಕವುಚಿಟ್ಟ ಎರಡು ಕಂಚಿನ ತಟ್ಟೆ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಎಡಗೈ ಸ್ನೇರ್ ಡ್ರಮ್ ಮೇಲೆ ಬೀಳುತ್ತದೆ. ಹೆಚ್ಚಿನವರು ಆಗ ಎರಡನ್ನೂ ಒಟ್ಟಿಗೆ ಹೊಡೆಯುತ್ತಾರೆ. ವಾಟ್ಸ್ ಹಾಗಲ್ಲ. ಎಡಗೈ ಇಳಿಯುವ ಕ್ಷಣಕ್ಕೆ ಬಲಗೈಯನ್ನು ಮೇಲಕ್ಕೆ ಎತ್ತಿಬಿಡುತ್ತಿದ್ದರು. ತಟ್ಟೆಯ ಸದ್ದಿಲ್ಲದೆ ಸ್ನೇರ್ ಒಂದೇ ಕೇಳಿಸಿ, ಹಾಡಿಗೆ ಸಣ್ಣದೊಂದು ಉಸಿರು ಸಿಗುತ್ತಿತ್ತು. ವಿಡಿಯೊ ಇದ್ದರೆ ನೋಡಿ, ಕೈ ಎತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಅವರ ಕಾಲದ ಡ್ರಮ್ಮರ್‌ಗಳು ಸುತ್ತಲೂ ಕೋಟೆಯಂತೆ ವಾದ್ಯ ಕಟ್ಟಿಕೊಂಡು ಕೂರುತ್ತಿದ್ದಾಗ ಇವರ ಮುಂದಿದ್ದದ್ದು ನಾಲ್ಕೇ ಡ್ರಮ್ಮಿನ ಗ್ರೆಚ್ ಕಂಪನಿಯ ಸೆಟ್. ಒಬ್ಬರೇ ಬಾರಿಸಿ ಮೆರೆಯುವ ಡ್ರಮ್ ಸೋಲೋ ಅವರಿಗೆ ಇಷ್ಟವೇ ಇರಲಿಲ್ಲ.

ಇನ್ನೊಂದು ಸಂಗತಿ. ಸಾಮಾನ್ಯವಾಗಿ ಬ್ಯಾಂಡಿನಲ್ಲಿ ಎಲ್ಲರೂ ಡ್ರಮ್ಮನ್ನು ಹಿಡಿದು ನಡೆಯುತ್ತಾರೆ. ಸ್ಟೋನ್ಸ್‌ನಲ್ಲಿ ಡ್ರಮ್ಮರ್ ಗಿಟಾರಿನ ಕೀತ್ ರಿಚರ್ಡ್ಸ್ ಅವರನ್ನು ಅನುಸರಿಸುತ್ತಿದ್ದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಯಕ್ಷಗಾನದ ಹಿಮ್ಮೇಳ. ಪದ್ಯ ಹಾಡುವ ಭಾಗವತರ ಜಾಗಟೆ ಎತ್ತ ಹೋಗುತ್ತದೋ ಮದ್ದಳೆ ಅತ್ತ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ, ಚೆಂಡೆ ಕೇರಳದ ಚೆಂಡೆಯೇ. ಅದರ ಗಂಟಲು ದೊಡ್ಡದು. ಅದಕ್ಕೇ ಹಿರಿಯರು ಅದನ್ನು ವೀರ, ರೌದ್ರಕ್ಕೆ, ಯುದ್ಧಕ್ಕೆ, ರಾಕ್ಷಸ ಪಾತ್ರಗಳ ಬಣ್ಣದ ವೇಷದ ಅಬ್ಬರಕ್ಕೆ ಇಟ್ಟುಕೊಂಡಿದ್ದರು. ಕರುಣ ರಸದ ಪದ್ಯಕ್ಕೆ ಮದ್ದಳೆ ಸಾಕು, ಚೆಂಡೆಯವರು ಕೋಲು ಕೆಳಗಿಟ್ಟು ಕೇಳುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ನಾನು ಹೇಳಿಕೊಡಬೇಕೆ? ಈಗ ವೇಷವಿಲ್ಲದೆ ಹಾಡಿಗೇ ಮೀಸಲಾದ ಗಾನವೈಭವದ ವೇದಿಕೆಯಲ್ಲಿ ಸೀತೆ ಅಳುವಾಗಲೂ ಚೆಂಡೆ, ಪದ್ಯ ಮುಗಿದ ಮೇಲೆ ಸಾಲಾಗಿ ನಿಂತವರ ನಡುವೆ ಯಾರದು ಹೆಚ್ಚು ವೇಗ ಎಂಬ ಪಂದ್ಯ. ಬಾರಿಸುವ ಹುಡುಗರ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ, ಅಸಾಧ್ಯ ಪ್ರತಿಭೆಯವರಿದ್ದಾರೆ. ತಕರಾರು ಕೆಳಗೆ ಕುಳಿತ ನಮ್ಮ ಮೇಲೆ. ವೇಗಕ್ಕೆ ಮಾತ್ರ ಚಪ್ಪಾಳೆ ತಟ್ಟುವವರ ಮುಂದೆ ಯಾವ ಕಲಾವಿದ ತಾನೇ ಸುಮ್ಮನೆ ಕೋಲು ಹಿಡಿದು ಕೂತಾನು?

ನನ್ನ ಪರಿಚಯದ ಒಬ್ಬರು ಜಾತ್ರೆಗಳ ಗಾನಮೇಳದಲ್ಲಿ ಡ್ರಮ್ ಬಾರಿಸುತ್ತಾರೆ. ಹಗಲು ಬೇರೆ ಉದ್ಯೋಗ. ಕಾರ್ಯಕ್ರಮಕ್ಕೆ ಎಲ್ಲರಿಗಿಂತ ಮೊದಲು ಬರಬೇಕಾದವರು, ಕೊನೆಗೆ ಹೋಗಬೇಕಾದವರು ಅವರೇ. ಸಾಮಾನು ಜೋಡಿಸಿ ಬಿಚ್ಚುವುದೇ ಒಂದು ಕೆಲಸ. ಹಲಗೆಯ ವೇದಿಕೆಯಲ್ಲಿ ಪೆಡಲ್ ಒತ್ತಿದ ಹಾಗೆ ಬೇಸ್ ಡ್ರಮ್ ಮುಂದಕ್ಕೆ ಜಾರುತ್ತದೆ. ಅದಕ್ಕೆ ಕೆಳಗೆ ಹಳೆಯ ಕಾರ್ಪೆಟ್ ಹಾಸಿ, ಎದುರಿಗೊಂದು ಕೆಂಪುಕಲ್ಲು ಅಡ್ಡ ಇಟ್ಟು, ಕಾಲುಗಳನ್ನು ಹಗ್ಗದಿಂದ ಬಿಗಿಯುತ್ತಾರೆ. ಈಚೆಗೆ ಕೆಲವು ತಂಡಗಳು ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಸಾಕೆನ್ನುತ್ತಿವೆ, ಸಾಗಾಟದ ಖರ್ಚು ಕಡಿಮೆಯಂತೆ. "ಜನ ಮೆಚ್ಚುವ ಹಾಗೆ ಒಂದು ಸೋಲೋ ಬಾರಿಸಬಾರದೇ ಅಣ್ಣಾ?" ಎಂದು ಒಮ್ಮೆ ಕೇಳಿದ್ದೆ. "ಹಾಡುವವಳ ಉಸಿರು ನೋಡಿಕೊಂಡು ಬಾರಿಸುವುದು ನನ್ನ ಕೆಲಸ ಮಾಸ್ಟ್ರೇ. ಅವಳು ಸುಸ್ತಾದರೆ ಎಳೆದುಕೊಂಡು ಹೋಗಬೇಕು, ಹುರುಪಿನಲ್ಲಿ ಓಡಿದರೆ ಹಿಡಿದು ನಿಲ್ಲಿಸಬೇಕು. ಅಷ್ಟಕ್ಕೇ ಬೆವರು ಇಳಿಯುತ್ತದೆ" ಎಂದರು. ಚಾರ್ಲಿ ವಾಟ್ಸ್ ಹೆಸರು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಕಾಣಲಿಲ್ಲ.

ಗಾನಮೇಳದ ಫ್ಲೆಕ್ಸ್‌ನಲ್ಲಿ ಹಾಡುವವರ ಫೋಟೊ ಇರುತ್ತದೆ, ಇವರು "ಮತ್ತು ಬಳಗ"ದೊಳಗೆ ಸೇರಿಹೋಗುತ್ತಾರೆ. ಯಕ್ಷಗಾನದ ಕರಪತ್ರ ಅದಕ್ಕಿಂತ ವಾಸಿ. ಚೆಂಡೆ-ಮದ್ದಳೆಯವರ ಹೆಸರಾದರೂ ಇರುತ್ತದೆ, ಪ್ರಾಯೋಜಕರ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ. ಒಂದು ಕಡೆ ಹೆಸರೇ ಕಾಣದ ಹಾಗೆ ಮಾಡುತ್ತೇವೆ, ಇನ್ನೊಂದು ಕಡೆ ಅಬ್ಬರಿಸಿದರೆ ಮಾತ್ರ ತಿರುಗಿ ನೋಡುತ್ತೇವೆ. ಜುಗಲ್‌ಬಂದಿ ಹುಟ್ಟಿದ್ದು ಇಲ್ಲಿಂದಲೇ ಎಂಬುದು ನನ್ನ ವಾದ. ಬೈಯುವವರು ಇದಕ್ಕೆ ಉತ್ತರ ಕೊಡಲಿ.

ನಮ್ಮೂರ ಉತ್ಸವದ ಆಮಂತ್ರಣದ ಪ್ರೂಫ್ ತಿದ್ದುವ ಕೆಲಸ ಈ ಸಲವೂ ನನ್ನ ಪಾಲಿಗೆ ಬಂದಿದೆ. ಹಿಮ್ಮೇಳದ ಎಲ್ಲರ ಹೆಸರನ್ನೂ, ಗಾನಮೇಳದ ಡ್ರಮ್ಮರ್ ಹೆಸರನ್ನೂ ಭಾಗವತರ ಹೆಸರಿನ ಅಳತೆಯಲ್ಲಿಯೇ ಹಾಕಿ ಕಳುಹಿಸಿದ್ದೇನೆ. ಜಾಗ ಸಾಲುವುದಿಲ್ಲ ಎಂದು ಸಮಿತಿಯ ಖಜಾಂಚಿ ಆಗಲೇ ಫೋನ್ ಮಾಡಿದ್ದಾರೆ. ಸ್ವಾಗತ ಕೋರುವವರ ಪಟ್ಟಿಯಲ್ಲಿ ಮೂವತ್ತು ಜನರಿದ್ದಾರಲ್ಲ, ಅಲ್ಲಿಂದ ಕತ್ತರಿಸಿ ಎಂದಿದ್ದೇನೆ.