ರಣ್‌ನ ಉಪ್ಪು, ಸಾಣಿಕಟ್ಟಾದ ಗೋದಾಮು

ಅಹಮದಾಬಾದಿಗೆ ಬಂದ ಹೊಸದರಲ್ಲಿ, ಗುಜರಾತಿನ ಉಪ್ಪುಬಯಲಾದ ಕಛ್‌ನ ಚಿಕ್ಕ ರಣ್‌ನಲ್ಲಿ ಉಪ್ಪು ತೆಗೆಯುವವರನ್ನು ‘ಅಗರಿಯಾ’ ಎಂದು ಕರೆಯುತ್ತಾರೆಂದು ಕೇಳಿದಾಗ, ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡುತ್ತ ಬೆಳೆದ ನನಗೆ ಆ ಪದ ನಮ್ಮ ಮನೆಯದೇ ಅನ್ನಿಸಿತ್ತು. ಇಲ್ಲಿನವರ ‘ಅಗರ್’ ನಮ್ಮ ಆಗರವೇ. ಆದರೆ ಉಪ್ಪನ್ನು ಮಾರುವ ಬಗೆ ಎರಡು ಕಡೆ ಎಷ್ಟು ಬೇರೆ ಎಂಬುದು ನನಗೆ ಮನದಟ್ಟಾದದ್ದು 2020ರ ಲಾಕ್‌ಡೌನ್ ದಿನಗಳಲ್ಲಿ.

ಮಳೆನೀರು ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ಅಗರಿಯಾ ಕುಟುಂಬಗಳು ಖಾರಾಘೋಡಾ, ಹಳವದ, ಸಾಂತಲಪುರದ ಕಡೆಯಿಂದ ರಣ್‌ಗೆ ಇಳಿಯುತ್ತವೆ. ನೆಲದಡಿಯ ಉಪ್ಪುನೀರನ್ನು ಪಂಪಿನಿಂದ ಎತ್ತಿ, ಪಾತಿಗಳಲ್ಲಿ ಹರಿಸಿ, ತಿಂಗಳುಗಟ್ಟಲೆ ಕೆರೆಯುತ್ತ ‘ವಡಾಗರು’ ಎಂಬ ದಪ್ಪ ಹರಳಿನ ಉಪ್ಪು ತೆಗೆಯುತ್ತಾರೆ. ಈ ಉಪ್ಪನ್ನು ರಾಶಿ ಹಾಕುವುದು ಬೇಸಿಗೆಯ ಆರಂಭದಲ್ಲಿ. ಆ ವರ್ಷ ಮಾರ್ಚ್ 25ರಂದು ದೇಶವೇ ಬಾಗಿಲು ಹಾಕಿತು. ಲಾರಿ ಸಿಗಲಿಲ್ಲ, ಹೇರುವ ಆಳು ಸಿಗಲಿಲ್ಲ. ಮನೆಮನೆಯ ಅಡುಗೆಗೆ ಉಪ್ಪು ಬೇಕೇ ಇತ್ತು, ನಿಜ. ಆದರೆ ನಮ್ಮ ದೇಶದ ಉಪ್ಪಿನ ದೊಡ್ಡ ಪಾಲು ಹೋಗುವುದು ಸೋಡಾ ಬೂದಿ, ಕಾಸ್ಟಿಕ್ ಸೋಡಾ, ಬಣ್ಣ, ಚರ್ಮದಂಥ ಉದ್ಯಮಗಳಿಗೆ, ಮತ್ತು ಅವುಗಳ ಕೆಲಸ ಆಗ ಕುಂಠಿತವಾಗಿತ್ತು. ಉಪ್ಪಿನ ಕೆಲಸಕ್ಕೆ ವಿನಾಯಿತಿ ದೊರೆತರೂ ಕಳೆದ ದಿನಗಳು ಮರಳಲಿಲ್ಲ, ಏಕೆಂದರೆ ಮಳೆಗಾಲ ಬಂದರೆ ರಣ್ ನೀರಿನಡಿ ಮುಳುಗುತ್ತದೆ. ಅಷ್ಟರೊಳಗೆ ಸಾಗಿಸದೆ ಉಳಿದ ರಾಶಿ ನೀರಿಗೇ ಹೋಗುತ್ತದೆ.

ಈ ನಷ್ಟದ ಬೇರು ಸಾಂಕ್ರಾಮಿಕಕ್ಕಿಂತ ಹಳೆಯದು ಎಂಬುದೇ ನನ್ನ ಅಭಿಪ್ರಾಯ. ಅಗರಿಯಾ ದುಡಿಯುವ ನೆಲ ಕಾಡುಕತ್ತೆಗಳ ಅಭಯಾರಣ್ಯ. ತಲೆಮಾರುಗಳಿಂದ ಅಲ್ಲಿದ್ದರೂ ಅವನ ಹೆಸರಿನಲ್ಲಿ ಪಹಣಿ ಇಲ್ಲ. ಪಹಣಿ ಇಲ್ಲದವನಿಗೆ ಬ್ಯಾಂಕ್ ಸುಲಭಕ್ಕೆ ಸಾಲ ಕೊಡುವುದಿಲ್ಲ, ಹಾಗಾಗಿ ಡೀಸೆಲಿಗೂ ದಿನಸಿಗೂ ವ್ಯಾಪಾರಿಯ ಮುಂಗಡವೇ ಗತಿ, ಮತ್ತು ಆ ಮುಂಗಡದ ಜೊತೆಗೇ ಹಂಗಾಮಿನ ದರವೂ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ. ನಾವು ಪೊಟ್ಟಣದ ಉಪ್ಪಿಗೆ ಕಿಲೋಗೆ ಹತ್ತಾರು ರೂಪಾಯಿ ಕೊಡುವಾಗ ಅವನ ಕೈಗೆ ಬರುವುದು ಪೈಸೆಗಳ ಲೆಕ್ಕದ ಹಣ. ಪಕ್ಕದ ಹೊಲದಲ್ಲಿ ನೆಲಗಡಲೆ ಬೆಳೆಯುವವನಿಗೆ ಬೆಂಬಲ ಬೆಲೆಯಾದರೂ ಇದೆ. ಉಪ್ಪು ಕೃಷಿಯ ಲೆಕ್ಕಕ್ಕೆ ಸೇರದ ಕಾರಣ ಅಗರಿಯಾನಿಗೆ ಅದೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಸಹಾಯಧನದಿಂದಲೂ ದುಡಿಯುವ ಮಹಿಳೆಯರ ಸಂಘಟನೆಯಾದ ‘ಸೇವಾ’ದ ಪ್ರಯತ್ನದಿಂದಲೂ ಬಂದ ಸೌರ ಪಂಪುಗಳು ಡೀಸೆಲಿನ ಖರ್ಚನ್ನು ಇಳಿಸಿವೆ, ಅದು ಸಣ್ಣ ಮಾತಲ್ಲ. ಆದರೆ ಅದು ಉಪ್ಪು ತೆಗೆಯುವ ಕಷ್ಟವನ್ನು ತಗ್ಗಿಸಿತೇ ಹೊರತು ಮಾರುವ ಕಷ್ಟವನ್ನಲ್ಲ.

ಸಾಣಿಕಟ್ಟಾದಲ್ಲಿ 1952ರಿಂದ ನಾಗರಬೈಲ್ ಉಪ್ಪಿನ ಮಾಲೀಕರ ಸಹಕಾರಿ ಸಂಘವಿದೆ. ಆಗರಗಳ ಉಪ್ಪು ಸಂಘದ ಗೋದಾಮಿಗೆ ಸೇರುತ್ತದೆ, ಸಂಘದ ಮೂಲಕವೇ ಮಾರಾಟವಾಗುತ್ತದೆ. ಅಪ್ಪೆಮಿಡಿಗೆ ಹರಳುಪ್ಪು ಹಾಕುವ ಮನೆಗಳು, ಮೀನು ಒಣಗಿಸುವವರು, ತೆಂಗಿನ ಬುಡಕ್ಕೆ ಉಪ್ಪು ಹಾಕುವ ತೋಟಿಗರು, ಹೀಗೆ ಕೊಳ್ಳುವವರೂ ಹತ್ತಿರದಲ್ಲೇ ಇದ್ದಾರೆ. ಮಳೆ ಬಂದರೂ ಸೂರಿನಡಿಯ ಉಪ್ಪು ಕರಗದು, ದರಕ್ಕಾಗಿ ಕಾಯಬಹುದು. ಅಯೋಡಿನ್ ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರಬಾರದೆಂಬ ನಿಯಮ 2006ರಿಂದ ಜಾರಿಯಲ್ಲಿರುವಾಗ, ಒಂಟಿ ಅಗರಿಯಾ ಅಂಗಡಿಯವರೆಗೆ ತಲುಪುವುದು ಬಹಳ ಕಷ್ಟ. ಸಂಘವೊಂದಕ್ಕೆ ಅದು ಸಾಧ್ಯ.

ನಮ್ಮೂರನ್ನು ಹೊಗಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ಅದು ಮಾಲೀಕರ ಸಂಘ. ಬಿಸಿಲಿನಲ್ಲಿ ನಿಂತು ಉಪ್ಪು ಎಳೆಯುವ ಕೂಲಿಯವರು ಅದರ ಒಡೆಯರಲ್ಲ. ರಣ್‌ನ ಅಗಾಧ ಪ್ರಮಾಣದ ಮುಂದೆ ಸಾಣಿಕಟ್ಟಾ ತೀರ ಚಿಕ್ಕದು ಕೂಡ. ಆದ್ದರಿಂದ ನಾನು ಕೇಳುವುದು ಅದರ ನಕಲನ್ನಲ್ಲ. ಉಪ್ಪು ತೆಗೆಯುವವರೇ ಸದಸ್ಯರಾದ ಸಂಘ, ರಣ್‌ನ ಅಂಚಿನಲ್ಲಿ ಎತ್ತರದ ಗೋದಾಮು, ಅಲ್ಲಿಟ್ಟ ಉಪ್ಪಿನ ಮೇಲೆ ಬ್ಯಾಂಕ್ ಸಾಲ: ಈ ಮೂರೂ ಒಟ್ಟಿಗೆ ಬೇಕು. ಆ ಸಾಲ ಸೆಪ್ಟೆಂಬರಿಗೆ ಮೊದಲೇ ಕೈಸೇರಬೇಕು, ಏಕೆಂದರೆ ಕುಟುಂಬ ರಣ್‌ಗೆ ಇಳಿಯುವ ಹೊತ್ತಿಗೆ ವ್ಯಾಪಾರಿಯ ಮುಂಗಡ ಬಂದು, ಆ ವರ್ಷದ ದರ ಮುಗಿದುಹೋದ ಮಾತಾಗಿರುತ್ತದೆ.